ಬೋರ್ ಪಾಠದಲ್ಲಿ ರೋಹಿತವೆಲ್ಲಿ?

ಪರಮಾಣು ರಚನೆಯ ಪಾಠವೆಂದರೆ ನಮ್ಮ ಪುಸ್ತಕಗಳಲ್ಲಿ ಮೂರು ಚಿತ್ರಗಳ ಮೆರವಣಿಗೆ: ಥಾಮ್ಸನ್, ರುದರ್‌ಫೋರ್ಡ್, ಬೋರ್. ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ, ಮುಂದೆ ಕನ್ನಡದಲ್ಲಿ ನಮ್ಮ ರಾಜ್ಯದ ಶಾಲೆಗಳಿಗೂ ಬಂದ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವೂ ಇದೇ ಹಾದಿ ಹಿಡಿದಿತ್ತು. ಅದರಲ್ಲಿ ಚಿನ್ನದ ಹಾಳೆಯ ಪ್ರಯೋಗದ ವಿವರಣೆ ಚೆನ್ನಾಗಿದೆ. ಕೆಲವೇ ಆಲ್ಫಾ ಕಣಗಳು ಹಿಂದಕ್ಕೆ ಪುಟಿದದ್ದರಿಂದ ನ್ಯೂಕ್ಲಿಯಸ್ಸಿನ ಕಲ್ಪನೆ ಹೇಗೆ ಮೂಡಿತೆಂಬುದು ವಿದ್ಯಾರ್ಥಿಗೆ ಹಂತಹಂತವಾಗಿ ತಿಳಿಯುತ್ತದೆ. ಥಾಮ್ಸನ್ ಮಾದರಿಗೆ ಕೊಟ್ಟ ಕಲ್ಲಂಗಡಿ ಹಣ್ಣಿನ ಹೋಲಿಕೆ ಮಾತ್ರ ಅರೆಸತ್ಯ. 1904ರ ಅವರ ಲೇಖನದಲ್ಲಿ ಇಲೆಕ್ಟ್ರಾನುಗಳು ಬೀಜಗಳಂತೆ ಹುದುಗಿ ಕುಳಿತಿರಲಿಲ್ಲ. ಧನಾವೇಶದ ಗೋಳದೊಳಗೆ ಉಂಗುರ ಉಂಗುರವಾಗಿ ಸುತ್ತುತ್ತಿದ್ದವು. ಧಾತುಗಳ ಗುಣಗಳು ಮರುಕಳಿಸುವುದೇಕೆಂದು ಆ ಉಂಗುರಗಳಿಂದಲೇ ವಿವರಿಸಲು ಅವರು ಹೊರಟಿದ್ದರು.

ದೊಡ್ಡ ಕೊರತೆ ಇರುವುದು ಬೋರ್ ಭಾಗದಲ್ಲಿ. ಸುತ್ತುವ ಇಲೆಕ್ಟ್ರಾನು ಶಕ್ತಿ ಕಳೆದುಕೊಂಡು ನ್ಯೂಕ್ಲಿಯಸ್ಸಿಗೆ ಬೀಳಬೇಕಿತ್ತು, ಬೀಳದಂತೆ ಬೋರ್ ನಿಯಮ ಮಾಡಿದರು. ಪಾಠ ಹೇಳುವುದು ಇಷ್ಟೇ. ಆದರೆ ಆ ನಿಯಮವನ್ನು ನಂಬುವುದೇಕೆ? ಜಾಣ ವಿದ್ಯಾರ್ಥಿ ಕೇಳಬೇಕಾದ ಈ ಪ್ರಶ್ನೆಗೆ ಉತ್ತರ ಹೈಡ್ರೋಜನ್ನಿನ ರೋಹಿತದಲ್ಲಿದೆ. ಪಾಠದಲ್ಲಿ ಅದರ ಸುಳಿವೇ ಇಲ್ಲ. 1913ರ ಬೋರ್ ಸೂತ್ರದಂತೆ ಇಲೆಕ್ಟ್ರಾನು ನಾಲ್ಕನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿದಾಗ ಹೊರಡುವ ಬೆಳಕಿನ ತರಂಗದೂರ ಸುಮಾರು 486 ನ್ಯಾನೊಮೀಟರ್. ಪ್ರಯೋಗಾಲಯದ ಅಳತೆಯೂ ಅದೇ.

ಇನ್ನು ಈ ಮಾದರಿ ಎಲ್ಲಿ ಸೋಲುತ್ತದೆಂಬುದನ್ನೂ ತರಗತಿಯಲ್ಲಿ ಹೇಳಬೇಕು. ಶಿವಮೊಗ್ಗ, ಭದ್ರಾವತಿಯ ಶಿಕ್ಷಕರಿಗೆ ಅದಕ್ಕೆ ಉದಾಹರಣೆ ಊರಲ್ಲೇ ಇದೆ: ಕಬ್ಬಿಣ. 1923ರಲ್ಲಿ ಭದ್ರಾವತಿಯ ಊದುಕುಲುಮೆ ಕಬ್ಬಿಣ ಕೊಡತೊಡಗಿದಾಗ ಬೋರ್ ಮಾದರಿಗೆ ಹತ್ತು ವರ್ಷ. ಕಬ್ಬಿಣದ ಪರಮಾಣುವಿನಲ್ಲಿ 26 ಇಲೆಕ್ಟ್ರಾನುಗಳು. ಅದನ್ನು ವಿದ್ಯುತ್ ಚಾಪದಲ್ಲಿ ಉರಿಸಿದರೆ ರೋಹಿತದಲ್ಲಿ ಸಾವಿರಾರು ರೇಖೆಗಳು ಕಾಣಿಸುತ್ತವೆ. ಅವನ್ನು ವಿವರಿಸಲು ಬೋರ್ ಸೂತ್ರಕ್ಕೆ ಸಾಧ್ಯವಿಲ್ಲ. ಹಾಗೆಂದು ಕಬ್ಬಿಣದ ಮುಂದೆ ಮಾದರಿ ಪೂರ್ತಿ ಸೋತಿತೆನ್ನುವಂತಿಲ್ಲ. ಅದೇ 1913ರಲ್ಲಿ ಮೋಸ್ಲಿ ಕ್ಯಾಲ್ಸಿಯಂನಿಂದ ಸತುವಿನವರೆಗಿನ ಧಾತುಗಳ ಕ್ಷ-ಕಿರಣ ರೇಖೆಗಳನ್ನು ಅಳೆದರು. ಕಬ್ಬಿಣದ್ದೂ ಸೇರಿ ಅವು ಬೋರ್ ಲೆಕ್ಕಕ್ಕೆ ಬಹುಮಟ್ಟಿಗೆ ಹೊಂದಿದವು. ಪರಮಾಣು ತೂಕದಲ್ಲಿ ನಿಕ್ಕಲ್‌ಗಿಂತ ಭಾರವಾದ ಕೋಬಾಲ್ಟ್ ಕೋಷ್ಟಕದಲ್ಲಿ ಮೊದಲು ಬರುವುದೇಕೆಂಬ ಹಳೆಯ ತೊಡಕೂ ಬಿಡಿಸಿಕೊಂಡಿತು: ಒಂದು 27, ಇನ್ನೊಂದು 28. ತೀರ ಒಳಗಿನ ಇಲೆಕ್ಟ್ರಾನುಗಳ ಮೇಲೆ ನ್ಯೂಕ್ಲಿಯಸ್ಸಿನ ಸೆಳೆತವೇ ಪ್ರಧಾನ, ಆದ್ದರಿಂದ ಲೆಕ್ಕ ಸರಳ. ಹೊರಗಿನವು ಒಂದನ್ನೊಂದು ವಿಕರ್ಷಿಸುವುದೂ ಸೇರಿಕೊಂಡು ಲೆಕ್ಕ ಕೈಮೀರುತ್ತದೆ. ಅದಕ್ಕೆ 1925ರ ನಂತರದ ಕ್ವಾಂಟಮ್ ಬಲವಿಜ್ಞಾನವೇ ಬೇಕಾಯಿತು.

ಕಾಲೇಜಿನ ಸ್ಪೆಕ್ಟ್ರೋಮೀಟರಿಗೆ ಗ್ರೇಟಿಂಗ್ ಜೋಡಿಸಿ, ಬಿಳಿ ಗೋಡೆಯ ಮೇಲಿನ ಬಿಸಿಲಿನತ್ತ ತಿರುಗಿಸಿ, ಸೀಳುಗಂಡಿಯನ್ನು ಆದಷ್ಟು ಕಿರಿದು ಮಾಡಿದರೆ (ಸೂರ್ಯನತ್ತ ನೇರವಾಗಿ ಎಂದೂ ತಿರುಗಿಸಬಾರದು) ಕಪ್ಪು ರೇಖೆಗಳು ಕಾಣುತ್ತವೆ. 486ರ ಬಳಿಯದು ಹೈಡ್ರೋಜನ್ನಿನದು, 527ರ ಬಳಿಯದು ಮುಖ್ಯವಾಗಿ ಕಬ್ಬಿಣದ್ದು. ಮೊದಲನೆಯದನ್ನು ವಿದ್ಯಾರ್ಥಿಗಳಿಂದ ಬೋರ್ ಸೂತ್ರದಲ್ಲಿ ಲೆಕ್ಕ ಹಾಕಿಸಿ. ಎರಡನೆಯದನ್ನೂ ಹಾಗೆಯೇ ಮಾಡಲು ಹೇಳಿ, ಅವರು ಎಲ್ಲಿ ತಡೆದು ನಿಲ್ಲುತ್ತಾರೆ ನೋಡಿ.