ಕೊಲಂಬಸ್ ಬದಲಾದರೆ ಸಾಕೇ?

ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಪಾಸ್ಟ್‌ವಾಚ್’ (1996) ಕಾದಂಬರಿಯಲ್ಲಿ ಭವಿಷ್ಯದ ಮೂವರು ಹದಿನೈದನೆಯ ಶತಮಾನಕ್ಕೆ ಬಂದಿಳಿಯುತ್ತಾರೆ. ಹಡಗುಗಳನ್ನು ಕಳೆದುಕೊಂಡ ಕೊಲಂಬಸ್ ಕೆರಿಬಿಯನ್ ದ್ವೀಪದಲ್ಲೇ ಉಳಿಯುತ್ತಾನೆ. ಅಲ್ಲಿನ ಜನ ಕ್ರೈಸ್ತಧರ್ಮವನ್ನು ತಮ್ಮ ನಂಬಿಕೆಗಳೊಂದಿಗೆ ಬೆರೆಸಿಕೊಳ್ಳುತ್ತಾರೆ, ಮೆಕ್ಸಿಕೋದಲ್ಲಿ ನರಬಲಿ ನಿಲ್ಲುತ್ತದೆ, ಅಮೆರಿಕ ಯುರೋಪಿಗೆ ಸರಿಸಮವಾಗಿ ನಿಲ್ಲುತ್ತದೆ.

ಚೆನ್ನಾಗಿ ಓದಿಸಿಕೊಂಡು ಹೋಗುವ ಕಥೆ. ನನ್ನ ತಕರಾರು ಒಂದೇ. ಈ ಬೆರಕೆಯ ಧರ್ಮದ ಯೋಜನೆ ಭವಿಷ್ಯದಲ್ಲೇ ಸಿದ್ಧವಾಗಿ ಬರುತ್ತದೆ. ಬಂದ ಮೂವರಲ್ಲಿ ಒಬ್ಬ ಮಾಯಾ ಮೂಲದವನಾದರೂ, ಆ ಕಾಲದ ಜನರ ಪಾಲಿಗೆ ಉಳಿಯುವುದು ಒಪ್ಪಿಕೊಳ್ಳುವ ಕೆಲಸ.

ನಿಜದ ಚರಿತ್ರೆಯಲ್ಲಿ ಹಾಗಾಗಲಿಲ್ಲ. ಮೆಕ್ಸಿಕೋ ನಗರದ ಬಳಿಯ ಟೆಪೆಯಾಕ್ ಬೆಟ್ಟದಲ್ಲಿ ಜನ ಗ್ವಾಡಲೂಪೆಯ ಮೇರಿ ಮಾತೆಯನ್ನು ‘ಟೊನಾಂಟ್ಸಿನ್’, ಅಂದರೆ ‘ನಮ್ಮ ತಾಯಿ’ ಎಂದೇ ಕರೆದರು. ಹಳೆಯ ದೇವತೆಯ ಹೆಸರೂ ಅದೇ ಎಂದು ಫ್ರಾನ್ಸಿಸ್ಕನ್ ಪಾದ್ರಿ ಬರ್ನಾರ್ಡಿನೋ ದ ಸಹಗುನ್ 1576ರಲ್ಲಿ ಅನುಮಾನದಿಂದ ಬರೆದರು. ಅವರ ಆಕ್ಷೇಪದಿಂದ ಜನರ ಯಾತ್ರೆ ನಿಲ್ಲಲಿಲ್ಲ. ಬೆರೆಸುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾದರೆ ಪರ್ಯಾಯ ಚರಿತ್ರೆ ಎಲ್ಲಿ ಕವಲೊಡೆಯಬೇಕು? ನನ್ನ ಪ್ರಕಾರ 1492ರಲ್ಲಲ್ಲ, 1555ರಲ್ಲಿ. ಆ ವರ್ಷ ಮೆಕ್ಸಿಕೋದ ಚರ್ಚ್ ಮಹಾಸಭೆ ಮೂಲನಿವಾಸಿಗಳಿಗೆ ಪಾದ್ರಿದೀಕ್ಷೆ ಕೊಡಕೂಡದೆಂದು ತೀರ್ಮಾನಿಸಿತು. ಭಕ್ತಿ ಅವರದಾಯಿತು, ಆ ಭಕ್ತಿಗೆ ಅರ್ಥ ಹೇಳುವ ಅಧಿಕಾರ ಬೇರೆಯವರ ಕೈಯಲ್ಲಿ ಉಳಿಯಿತು. ಆ ಬಾಗಿಲು ಮುಚ್ಚದೆ, ನಹುವಾ ಪಾದ್ರಿಗಳು ನಹುವಾಟ್ಲ್ ಭಾಷೆಯಲ್ಲೇ ಪೂಜೆ ನಡೆಸಿ, ತಮ್ಮೊಳಗೇ ವಾದಿಸಿ, ರೋಮಿಗೂ ಉತ್ತರ ಕೊಡುವಂತಾಗಿದ್ದರೆ? ನಾನು ಓದಬಯಸುವ ಕಾದಂಬರಿ ಅದು. ಅದರಲ್ಲಿ ತಪ್ಪು ಮಾಡುವವರೂ ತಿದ್ದಿಕೊಳ್ಳುವವರೂ ಆ ನೆಲದವರೇ ಆಗಿರಬೇಕು.