ಜನವರಿಯ ಕಾಡು ಚಕಮಕಿಗೇ ಇರಲಿ

ಹಿಮ ಬೀಳುವ ದಿನ ಚಕಮಕಿ ಕೋವಿಯ ರಂಜಕವನ್ನು, ಅಂದರೆ ಕಿಡಿಗೆ ಮೊದಲು ಹೊತ್ತುವ ಮದ್ದನ್ನು, ಒಣಗಿಡುವ ಬಗೆ ಹೇಗೆಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ರಂಜಕದ ಬಟ್ಟಲಿನ ಅಂಚಿಗೆ ಜೇನುಮೇಣ ಸವರಿ. ಲಾಕಿನ ಮೇಲೆ ಎಣ್ಣೆ ಹಿಡಿಸಿದ ತೊಗಲು ಕಟ್ಟಿ. ಆಗಾಗ ಹಳೆಯ ರಂಜಕ ಚೆಲ್ಲಿ, ಬಟ್ಟಲು ಒರೆಸಿ, ಹೊಸದು ಹಾಕಿ. ಚಳಿಯಲ್ಲಿ ತಣ್ಣಗಾದ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಕಬ್ಬಿಣ ಬೆವರುತ್ತದೆ, ಕರಿಮದ್ದು ಆ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಹಾಗಾಗಿ ರಾತ್ರಿ ಮದ್ದು ತೆಗೆದು ನಳಿಗೆ ಒರೆಸಿಟ್ಟು, ಬೆಳಿಗ್ಗೆ ಹೊಸದಾಗಿ ತುಂಬುವುದೇ ಸರಿ.

ಈಗ ನನ್ನ ಮನಸ್ಸಿನಲ್ಲಿರುವ ಮಾತು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಶುರುವಾಗುವ, ಚಕಮಕಿ ಕೋವಿಗಷ್ಟೇ ಮೀಸಲಾದ ಜಿಂಕೆಬೇಟೆಯ ಕೊನೆಯ ಹಂಗಾಮಿಗೂ ಇನ್‌ಲೈನ್ ಎಂಬ ಹೊಸ ಬಗೆಯ ಕೋವಿಗಳನ್ನು ಬಿಡಬೇಕೆಂದು ವಾದಿಸುವವರಿದ್ದಾರೆ. ‘ಅದೂ ಬಾಯಿಂದ ಮದ್ದು ತುಂಬುವ ಕೋವಿಯೇ ಅಲ್ಲವೇ’ ಎನ್ನುತ್ತಾರೆ. ತುಂಬುವುದು ಬಾಯಿಂದ, ನಿಜ. ಉಳಿದದ್ದರಲ್ಲಿ ಯಾವುದು ಹಳೆಯದು? 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಕೆ-85 ತಂದ ಮೇಲೆ ಈ ಜಾತಿ ಬೆಳೆದ ದಾರಿ ನೋಡಿ: ನಳಿಗೆಯ ಹಿಂದೆ ನೇರ ಕೇಪು, ಅಳತೆ ಮಾಡಬೇಕಿಲ್ಲದ ಮದ್ದಿನ ಗುಳಿಗೆ, ಪ್ಲಾಸ್ಟಿಕ್ ಕವಚದ ಗುಂಡು, ಮೇಲೊಂದು ದುರ್ಬೀನು. 150 ಗಜದಾಚೆಯ ಜಿಂಕೆಗೂ ಅದು ಗುರಿಯಿಡುತ್ತದೆ. ಬೇಟೆಗೆ ಅದು ಒಳ್ಳೆಯ ಸಾಧನವೇ. ಆದರೆ 1974ರಲ್ಲಿ ಈ ಹಂಗಾಮು ಹುಟ್ಟಿದ್ದು ಅದಕ್ಕಾಗಿ ಅಲ್ಲ.

ಚಕಮಕಿ ಕೋವಿಯ ನಡೆಯೇ ಬೇರೆ. ಕೋವಿಯ ಕುದುರೆಯ ದವಡೆಯಲ್ಲಿ ತೊಗಲು ಸುತ್ತಿದ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಸುರಿಸಬೇಕು, ಕಿಡಿ ಬಟ್ಟಲಿಗೆ ಬೀಳಬೇಕು, ರಂಜಕ ಹೊತ್ತಿ ಆ ಬೆಂಕಿ ನಳಿಗೆಯ ಕಿವಿಯ ಮೂಲಕ ಒಳಗಿನ ಮದ್ದಿಗೆ ಮುಟ್ಟಬೇಕು. ಇಷ್ಟೆಲ್ಲ ಆಗುವುದು ಕ್ಷಣಮಾತ್ರದಲ್ಲಿ. ಆದರೆ ಆ ಕ್ಷಣದಲ್ಲಿ ಕಣ್ಣೆದುರೇ ಬೆಂಕಿ ಎದ್ದರೂ ರೆಪ್ಪೆ ಮಿಟುಕಿಸದೆ ಗುರಿ ಹಿಡಿದಿರಬೇಕು. ಟ್ರಿಗರ್ ಒತ್ತಿದ ಮೇಲೂ ಕೆಲಸ ಮುಗಿದಿರುವುದಿಲ್ಲ. ಬಂದೂಕು ಕಲಿಯುವವರಿಗೆ ಇದಕ್ಕಿಂತ ಕಟ್ಟುನಿಟ್ಟಿನ ಗುರು ನನಗೆ ಗೊತ್ತಿಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ, ಹುಲಿಮುಖದ ಕುಸುರಿಯ ಕೋವಿಗಳೂ ಇದೇ ಜಾತಿಯವು. ಅವನ್ನು ಹಿಡಿದವರಿಗೂ ಇದೇ ಪಾಠ.

ದುರ್ಬೀನಿಲ್ಲ, ಒಂದೇ ಗುಂಡು. ಹಾಗಾಗಿ 50 ಗಜದೊಳಗೆ ಹೋಗಲೇಬೇಕು. ಅದೂ ಎಂಥ ಜಿಂಕೆಯ ಹತ್ತಿರ? ರೈಫಲ್ ಹಂಗಾಮನ್ನು ದಾಟಿ ಉಳಿದ, ಮನುಷ್ಯನ ವಾಸನೆಯನ್ನು ಚೆನ್ನಾಗಿ ಬಲ್ಲ ಬಿಳಿಬಾಲದ ಜಿಂಕೆಯ ಹತ್ತಿರ. ಓಕ್ ಕಾಯಿ ಮುಗಿದು ಅವು ಕುಡಿ ಕಡ್ಡಿ ತಿನ್ನುವ ಕಾಲವದು. ಗಾಳಿ ಬೀಸಿದರೆ ಹೆಮ್‌ಲಾಕ್ ಮರಗಳ ಮರೆಗೆ ಸರಿಯುತ್ತವೆ, ಬಿಸಿಲಿದ್ದರೆ ದಕ್ಷಿಣದ ಇಳಿಜಾರಿಗೆ ಬರುತ್ತವೆ. ಕೆಲವು ಗಂಡುಗಳ ಕೊಂಬು ಆಗಲೇ ಉದುರಿರುತ್ತದೆ. ಜಾಡು ಹಿಡಿದು ನಡೆಯಿರಿ, ಇಲ್ಲವೇ ಮರಸು ಕೂರಿ, ಕಾಡನ್ನು ಓದದೆ ಗತಿಯಿಲ್ಲ.

ಜಿಮ್ ಕಾರ್ಬೆಟ್‌ನ ‘ಜಂಗಲ್ ಲೋರ್’ ಅನ್ನು ನಾನು ಮತ್ತೆ ಮತ್ತೆ ತೆರೆಯುವುದು ಇದಕ್ಕೇ. ಹುಡುಗ ಜಿಮ್‌ಗೆ ಸಿಕ್ಕ ಮೊದಲ ಕೋವಿ ಬಾಯಿಂದ ತುಂಬುವ ಜೋಡುನಳಿಗೆ. ಬಲ ನಳಿಗೆ ಸೀಳಿತ್ತು, ಹಿಡಿಯನ್ನೂ ನಳಿಗೆಗಳನ್ನೂ ಹಿತ್ತಾಳೆ ತಂತಿ ಸುತ್ತಿ ಹಿಡಿದಿಟ್ಟಿದ್ದರು. ಅಂದರೆ ಕೈಯಲ್ಲಿದ್ದುದು ಒಂದೇ ಈಡು. ನೆಲದ ಗುರುತು, ಹಕ್ಕಿಯ ಕೂಗು, ಮಂಗದ ಎಚ್ಚರಿಕೆ ಇವೆಲ್ಲ ಅವನಿಗೆ ಅಕ್ಷರಗಳಾದದ್ದು ಆ ವಯಸ್ಸಿನಲ್ಲಿ. ದೂರದಿಂದ ಹೊಡೆಯಬಲ್ಲ ಹೊಸ ರೈಫಲ್ ಆಗಲೇ ಸಿಕ್ಕಿದ್ದರೆ ಅಷ್ಟು ಹತ್ತಿರ ಹೋಗುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಇನ್‌ಲೈನ್ ಗೆಳೆಯರಿಗೆ ಹೆಣ್ಣು ಜಿಂಕೆಯ ಬೇಟೆಗೆ ಅಕ್ಟೋಬರಿನಲ್ಲಿ ಒಂದು ವಾರ ಇದ್ದೇ ಇದೆ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಬೇಕಾದರೆ ಅದನ್ನು ಇನ್ನೊಂದು ವಾರ ಬೆಳೆಸಲಿ, ನಾನೇ ಬೆಂಬಲಿಸುತ್ತೇನೆ. ಮುಂದಿನ ವರ್ಷದ ಹಂಗಾಮುಗಳ ಕರಡು ಪೆನ್ಸಿಲ್ವೇನಿಯಾದ ಗೇಮ್ ಕಮಿಷನ್ ಮುಂದೆ ಬರುವುದು ಜನವರಿಯ ಸಭೆಯಲ್ಲಿ. ಅಲ್ಲಿನ ಲೈಸೆನ್ಸ್ ಇರುವ ಓದುಗರು ಅದಕ್ಕೆ ಮೊದಲೇ ಕಮಿಷನರುಗಳಿಗೊಂದು ಪತ್ರ ಬರೆಯಿರಿ, ಕ್ರಿಸ್‌ಮಸ್ ನಂತರದ ವಾರಗಳನ್ನು ಚಕಮಕಿಗೇ ಬಿಡಿ ಎಂದು ಕೇಳಿ.