ಸಂಕಮ್ಮನ ಬಲಗೈ

 

ಒಳ್ಳೆಯತನಕ್ಕೆ ನೀಲಿ ಅಂಕ, ಒರಟುತನಕ್ಕೆ ಕೆಂಪು ಅಂಕ ಕೊಡುವ ಮಾಸ್ ಎಫೆಕ್ಟ್ ಎಂಬ ವಿಡಿಯೊ ಆಟದ ಪಂಥವನ್ನು ನಾನು ಎಂದೂ ಒಪ್ಪಿದವನಲ್ಲ. ಅಂಕ ಕೂಡಿದಷ್ಟೂ ಆ ಬಣ್ಣದ ಮಾತುಗಳು ತೆರೆದುಕೊಳ್ಳುತ್ತವೆ. ಹಾಗಾಗಿ ಆಟಗಾರ ಎದುರಿಗಿರುವ ಮನುಷ್ಯನನ್ನು ನೋಡುವುದು ಬಿಟ್ಟು ಬಣ್ಣ ತುಂಬಿಸುತ್ತಾ ಕೂರುತ್ತಾನೆ. 2010ರಲ್ಲೇ ಬಂದ ಅಬ್ಸಿಡಿಯನ್‌ನವರ ಫಾಲೌಟ್: ನ್ಯೂ ವೇಗಸ್ ಎಷ್ಟೋ ಮೇಲು. ಅಲ್ಲಿ ಒಂದೊಂದು ಬಣವೂ ನಿಮ್ಮ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಮಾಡಿದ ಉಪಕಾರ ಮಾಡಿದ ಕೇಡನ್ನು ಅಳಿಸುವುದಿಲ್ಲ, ಎರಡೂ ನೆನಪಿನಲ್ಲಿರುತ್ತವೆ.

ಆದರೆ ಅಲ್ಲಿಯೂ ಕೊಟ್ಟ ಮಾತಿಗೆ ತೂಕವಿಲ್ಲ. ಎನ್‌ಸಿಆರ್ ಬಣಕ್ಕೂ ಹೂಂ, ಅದರ ಎದುರಾಳಿ ಮಿಸ್ಟರ್ ಹೌಸ್‌ಗೂ ಹೂಂ ಎನ್ನುತ್ತಾ ಬಹುದೂರ ಸಾಗಬಹುದು. ಸೀಸರ್ ಎಂಬವನ ಲೀಜನ್ ಬಣದವರನ್ನು ಕೊಂದು ಬಂದಿದ್ದರೂ ವೇಗಸ್‌ನಲ್ಲಿ ಅವನ ದೂತ ಎದುರಾಗಿ ಎಲ್ಲವೂ ಮಾಫಿ ಎನ್ನುತ್ತಾನೆ.

ಮಾತಿನ ತೂಕ ಗೊತ್ತಿರುವುದು ನಮ್ಮ ಮಲೆ ಮಾದಪ್ಪನ ಕಾವ್ಯಕ್ಕೆ. ಕಂಸಾಳೆಯವರು ಹಾಡುವ ಆ ಕಾವ್ಯದ ಸಂಕಮ್ಮನ ಸಾಲನ್ನು, ಅಂದರೆ ಅವಳ ಕತೆಯ ಭಾಗವನ್ನು, ಹನೂರು, ಹೂಗ್ಯಂ ಸೀಮೆಯವರಿಗೆ ಪರಿಚಯಿಸಬೇಕಿಲ್ಲ. ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಅವಳನ್ನು ಕೂಡಿಹಾಕಿ ಅವನು ಹೊರಟುಹೋಗುತ್ತಾನೆ.

ಇದೇ ಗಳಿಗೆ ಆಟದಲ್ಲಿ ಬಂದರೆ ನಮ್ಮಲ್ಲಿ ಮುಕ್ಕಾಲು ಜನ ‘ಕೊಟ್ಟೆ’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಅವಳಲ್ಲಿ ಕಳಂಕವಿಲ್ಲ, ಭಾಷೆ ಕೊಟ್ಟರೆ ಹೋಗುವುದೇನು? ಹೋಗುವುದಿದೆ. ಕೈ ಮೇಲೆ ಕೈ ಇಟ್ಟ ಕೂಡಲೇ ಗಂಡನ ಅನುಮಾನಕ್ಕೆ ಅವಳೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಮನೆಗೂ ಗಂಡನಿಗೂ ನಿಷ್ಠಳಾಗಿದ್ದುಕೊಂಡೇ ಆ ನಿಷ್ಠೆಗೆ ಜಾಮೀನು ಬರೆದುಕೊಡಲು ಒಲ್ಲೆ ಎನ್ನುವ ಹೆಂಗಸು ಅವಳು. ನಾನು ಆಡಿದ ಯಾವ ಆಟದ ಉತ್ತರಪಟ್ಟಿಯಲ್ಲೂ ಈ ಸಾಲು ಕಂಡಿಲ್ಲ.

ಆಮೇಲೆ ಮಾದಪ್ಪ ಬರುತ್ತಾನೆ, ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳ ಭಾಗ್ಯ ಕೊಡುತ್ತಾನೆ, ನಿಜ. ಆದರೆ ಒಲ್ಲೆ ಎನ್ನುವಾಗ ಅವಳಿಗೆ ಅದು ಗೊತ್ತಿಲ್ಲ. ಈಗಿನ ಆಟಗಳು ಕೆಡಿಸುವುದು ಇಲ್ಲೇ. ಯಾವ ಬಣ ಸೇರಿದರೆ ಯಾವ ಕತ್ತಿ ಸಿಗುತ್ತದೆಂದು ಮೊದಲೇ ತಿಳಿದಿರುತ್ತದೆ, ತಿಳಿಯದಿದ್ದರೆ ಹಳೆಯ ಸೇವ್ ತೆರೆದು ನೋಡಿಕೊಳ್ಳಬಹುದು. ಕನ್ನಡದಲ್ಲಿ ಆಟ ಕಟ್ಟಲು ಹೊರಟ ಹುಡುಗ ಹುಡುಗಿಯರು ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಒಂದು ರಾತ್ರಿ ಕೂತು ಈ ಸಾಲನ್ನು ಪೂರ್ತಿ ಕೇಳಲಿ. ‘ಕೊಡುವುದಿಲ್ಲ’ ಎಂಬ ಉತ್ತರಕ್ಕೂ ಮುಂದಿನ ಕತೆ ಬರೆಯಲಿ, ಅಂಕವನ್ನಾಗಲೀ ಸುಳಿವನ್ನಾಗಲೀ ಕೊಡದೆ.